ಹಿಮದ ಬೆಟ್ಟಕ್ಕೆ ಯಾವ ತಿಂಗಳು? ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ಹೊರಡುವವರಿಗೆ ನಾಲ್ಕು ದಾರಿಗಳ ಹೋಲಿಕೆ

ನಮ್ಮ ಕಡೆಯಿಂದ ಹಿಮಾಲಯಕ್ಕೆ ಹೊರಡುವವರು ಮೊದಲು ಕೇಳುವುದು ಎತ್ತರ ಎಷ್ಟು ಅಂತ. ಆಮೇಲೆ ಖರ್ಚು. ಆಮೇಲೆ ಫೋಟೊ ಚೆನ್ನಾಗಿ ಬರುತ್ತಾ ಅಂತ. ಆ ತಿಂಗಳಲ್ಲಿ ಅಲ್ಲಿ ಹಿಮ ಯಾವ ಥರ ಇರುತ್ತದೆ ಅಂತ ಕೇಳುವವರು ತೀರಾ ಕಡಿಮೆ. ಹತ್ತುವಾಗ ಕಾಲ ಕೆಳಗೆ ಇರುವುದು ಹಿಮ ತಾನೆ? ಅದನ್ನು ಬಿಟ್ಟು ಬರೀ ಎತ್ತರ ನೋಡಿ ಬೆಟ್ಟ ಆರಿಸಿದರೆ ಲೆಕ್ಕ ತಪ್ಪುತ್ತದೆ. 12,500 ಅಡಿಯ ಬೆಟ್ಟ ಜನವರಿಯಲ್ಲಿ ಮೊಣಕಾಲುದ್ದ ಹಿಮ ಹೊದ್ದು ಸತಾಯಿಸಬಹುದು. 15,000 ಅಡಿಯದ್ದು ಏಪ್ರಿಲ್ ಕೊನೆಯ ಒಂದು ಒಳ್ಳೆಯ ಬೆಳಗ್ಗೆ ಸಲೀಸಾಗಿ ದಾರಿ ಬಿಡಬಹುದು.

ಹಾಗಾಗಿ ಇಲ್ಲಿ ಬೆಟ್ಟಗಳನ್ನು ತಿಂಗಳ ಲೆಕ್ಕದಲ್ಲಿ ಹೋಲಿಸಿದ್ದೇನೆ. ಕೇದಾರಕಂಠ, ಬ್ರಹ್ಮತಾಲ್, ಪಂಗರ್‌ಚುಲ್ಲಾ, ರೂಪಿನ್ ಪಾಸ್. ನಾಲ್ಕೂ ಉತ್ತರಾಖಂಡದಲ್ಲಿ ಶುರುವಾಗುತ್ತವೆ. ರೂಪಿನ್ ಮಾತ್ರ ಪಾಸ್, ಅಂದರೆ ಬೆಟ್ಟಸಾಲು ದಾಟುವ ಕಣಿವೆದಾರಿ, ಅದು ಹಿಮಾಚಲದ ಸಾಂಗ್ಲಾ ಕಡೆ ಇಳಿಯುತ್ತದೆ. ಪರ್ವತಾರೋಹಣದ ಕೋರ್ಸ್ ಮಾಡದವರೂ ಒಳ್ಳೆಯ ಗೈಡ್ ಜೊತೆ ಹೋಗಬಹುದಾದ ದಾರಿಗಳು ಇವು. ಆದರೆ ನಾಲ್ಕೂ ಒಂದೇ ಅಲ್ಲ, ಒಂದೇ ದಾರಿ ಎರಡು ತಿಂಗಳಲ್ಲೂ ಒಂದೇ ಅಲ್ಲ.

ಮೊದಲು ರಜೆ, ಆಮೇಲೆ ಬೆಟ್ಟ

ಮೇಷ್ಟ್ರುಗಳಿಗೆ ರಜೆ ಏಪ್ರಿಲ್-ಮೇನಲ್ಲಿ, ಬಿಟ್ಟರೆ ದಸರೆಗೆ. ಎಡದಂಡೆ ಕಾಲುವೆ ಕೆಳಗೆ ಎರಡು ಬೆಳೆ ಭತ್ತ ಮಾಡುವವರಿಗೆ ಮೊದಲ ಕೊಯ್ಲಾಗಿ ಎರಡನೇ ನಾಟಿಗೆ ಮುಂಚೆ ಒಂದಿಷ್ಟು ಬಿಡುವು ಸಿಗುತ್ತದೆ. ತೋರಣಗಲ್ಲಿನ ಕಡೆ ಶಿಫ್ಟ್ ಕೆಲಸ ಮಾಡುವವರು ರಜೆ ಕೂಡಿಸಿಕೊಂಡು ಯಾವಾಗ ಬೇಕಾದರೂ ಹೊರಡುತ್ತಾರೆ. ನಿಮಗೆ ಸಿಗುವ ತಿಂಗಳು ಯಾವುದೋ ಅದೇ ನಿಮ್ಮ ಹಿಮವನ್ನೂ ತೀರ್ಮಾನ ಮಾಡುತ್ತದೆ. ಆ ಹಿಮಕ್ಕೆ ಹೊಂದುವ ಬೆಟ್ಟ ಹುಡುಕಿ. ಬೆಟ್ಟ ಮೊದಲೇ ಆರಿಸಿಕೊಂಡು ಸಿಕ್ಕಿದ ರಜೆಗೆ ಅದನ್ನು ತುರುಕಬೇಡಿ.

ದಾರಿಗೇ ಎಷ್ಟೋ ದಿನ ಹೋಗುತ್ತದೆ ಅನ್ನುವುದು ನೆನಪಿರಲಿ. ರಾಯಚೂರಿನವರಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಮನೆಬಾಗಿಲಲ್ಲೇ ಸಿಗುತ್ತದೆ, ನೇರ ದೆಹಲಿಗೆ. ಬಳ್ಳಾರಿ, ಕೊಪ್ಪಳದವರು ಗುಂತಕಲ್ಲಿಗೆ ಹೋಗಿ ಅದೇ ರೈಲು ಹಿಡಿಯಬಹುದು. ದೆಹಲಿಯಿಂದ ಡೆಹ್ರಾಡೂನ್, ಋಷಿಕೇಶ ಅಥವಾ ಕಾಠಗೋದಾಮ್. ಅಲ್ಲಿಂದ ಮತ್ತೆ ಇಡೀ ದಿನ ಜೀಪು. ಹೋಗಿ ಬರುವುದಕ್ಕೇ ಐದಾರು ದಿನ, ಟ್ರೆಕ್ಕಿಗೆ ಐದಾರು ದಿನ, ಹವಾಮಾನ ಕೈಕೊಟ್ಟರೆ ಅಂತ ಮೇಲೊಂದು ದಿನ. ಈ ಮೇಲಿನ ಒಂದು ದಿನವನ್ನೇ ಎಲ್ಲರೂ ಕತ್ತರಿಸುವುದು. ಅದನ್ನು ಕತ್ತರಿಸಿದವರೇ ಕೆಟ್ಟ ಹವಾಮಾನದಲ್ಲೂ 'ಇವತ್ತೇ ಹತ್ತಬೇಕು' ಅಂತ ಗೈಡ್ ಜೊತೆ ಜಗಳಕ್ಕೆ ನಿಲ್ಲುವುದು.

ಯಾವ ತಿಂಗಳಲ್ಲಿ ಎಂಥ ಹಿಮ

ಪಶ್ಚಿಮ ಹಿಮಾಲಯಕ್ಕೆ ಚಳಿಗಾಲದ ಹಿಮ ತರುವುದು ನಮ್ಮ ಮುಂಗಾರು, ಹಿಂಗಾರು ಎರಡೂ ಅಲ್ಲ. ಮೆಡಿಟರೇನಿಯನ್ ಕಡೆಯಿಂದ ಸಾಲು ಸಾಲಾಗಿ ಬರುವ ಮೋಡ, ಗಾಳಿ. ಹವಾಮಾನ ವರದಿಯಲ್ಲಿ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತಾರಲ್ಲ, ಅದು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅದರ ಆಟ ಜೋರು. ಯಾವ ವರ್ಷ ಎಷ್ಟು ಬರುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ. 2024ರ ಜನವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನಲ್ಲೇ ನೆಲ ಕಾಣುತ್ತಿತ್ತು. ಸ್ಕೀಯಿಂಗ್‌ಗೆ ಹೋದವರು ಕುದುರೆ ಹತ್ತಿ ವಾಪಸ್ ಬಂದರು.

ಡಿಸೆಂಬರ್‌ನ ಹಿಮ ತೆಳು. ಹುಲ್ಲು, ಕಲ್ಲಿನ ಮೇಲೆ ಅಂಗೈ ಅಗಲ ಕೂತಿರುತ್ತದೆ. ಮೇಲಿಂದ ನೋಡಲು ಚೆಂದ, ಕೆಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ. ಕಾಡಿನ ನೆರಳಲ್ಲಿ ಜನ ತುಳಿದು ತುಳಿದು, ಹಗಲು ಕರಗಿ ರಾತ್ರಿ ಗಟ್ಟಿಯಾಗಿ, ಆ ಕಾಲುದಾರಿ ಪೂರ್ತಿ ಮಂಜುಗಡ್ಡೆ ಆಗಿರುತ್ತದೆ. ಡಿಸೆಂಬರ್ ಟ್ರೆಕ್‌ಗಳಲ್ಲಿ ಜನ ಜಾರಿ ಬೀಳುವುದು ಶಿಖರದಲ್ಲಿ ಅಲ್ಲ, ಇಂಥ ದಾರಿಯಲ್ಲಿ ಇಳಿಯುವಾಗ.

ಜನವರಿ-ಫೆಬ್ರವರಿಯದ್ದು ಆಳ. ಮೆತ್ತಗೆ. ಮುಂದೆ ದಾರಿ ಬಿಡಿಸುವವನಿಗೆ ಪ್ರತಿ ಹೆಜ್ಜೆಗೂ ಕಾಲು ಹೂತು ಎತ್ತುವ ಕೆಲಸ. ಅದಕ್ಕಿಂತ ಮುಖ್ಯವಾದ್ದು ಗಾಳಿ. ರಿಡ್ಜ್, ಅಂದರೆ ಗುಡ್ಡದ ಬೆನ್ನಿನ ಮೇಲೆ ಗಾಳಿ ಹಿಮವನ್ನು ಒಂದು ಬದಿಯಿಂದ ಕೆರೆದು ಇನ್ನೊಂದು ಬದಿಗೆ ಪೇರಿಸುತ್ತದೆ. ಗಾಳಿ ಬಡಿಯುವ ಬದಿ ಬೋಳು, ಮರೆಯ ಬದಿಯಲ್ಲಿ ಗಟ್ಟಿ ಹಲಗೆಯಾಗಿ ಕೂತ ಹಿಮ. ಆ ಹಲಗೆಯ ಕೆಳಗಿನ ಪದರ ಸಡಿಲವಾಗಿದ್ದರೆ ಹಲಗೆ ಇಡಿಯಾಗಿ ಜಾರುತ್ತದೆ. ಹಿಮಪಾತ, ಅಂದರೆ ಅವಲಾಂಚ್, ಬಹುಪಾಲು ಹೀಗೇ ಆಗುವುದು. ರಿಡ್ಜ್‌ನ ತುದಿಯಲ್ಲಿ ಇದೇ ಹಿಮ ಗಾಳಿಯ ಮರೆಯ ಕಡೆಗೆ ಚಾಚಿ ನಿಂತು ಚಜ್ಜ ಕಟ್ಟಿಕೊಳ್ಳುತ್ತದೆ, ಅದಕ್ಕೆ ಕಾರ್ನಿಸ್ ಅನ್ನುತ್ತಾರೆ. ಮೇಲೆ ನಿಂತವನಿಗೆ ನೆಲ ಇದ್ದ ಹಾಗೇ ಕಾಣುತ್ತದೆ. ಕೆಳಗೆ ಏನೂ ಇರುವುದಿಲ್ಲ. ಸೆಲ್ಫಿಗೆ ಅಂಚಿಗೆ ಹೋಗಬೇಡಿ ಅಂತ ಗೈಡ್ ಬೈಯುವುದು ಇದಕ್ಕೇ.

ಮಾರ್ಚ್‌ಗೆ ಹಿಮ ಕೂತು ಬಿಗಿಯಾಗುತ್ತಾ ಬರುತ್ತದೆ. ಹಗಲು ಜಾಸ್ತಿ, ಚಳಿ ಸ್ವಲ್ಪ ಕಮ್ಮಿ. ಏಪ್ರಿಲ್-ಮೇನಲ್ಲಿ ಆಟವೇ ಬೇರೆ. ರಾತ್ರಿ ಕಲ್ಲಾಗುತ್ತದೆ, ಬಿಸಿಲು ಬಿದ್ದ ಮೇಲೆ ಕೆಸರಾಗುತ್ತದೆ. ಬೆಳಗಿನ ಜಾವ ಬೂಟಿಗೆ ಹಾಕಿದ ಸ್ಪೈಕ್ (ಕಬ್ಬಿಣದ ಮುಳ್ಳು) ಕಚ್ಚಿ ಹಿಡಿಯುವ ಜಾಗದಲ್ಲೇ ಮಧ್ಯಾಹ್ನ ತೊಡೆವರೆಗೆ ಇಳಿಯುತ್ತೀರಿ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಳೆಯ ಹಿಮ ಹೆಚ್ಚುಕಡಿಮೆ ಕರಗಿ ಕಲ್ಲು, ಜಲ್ಲಿ ಉಳಿದಿರುತ್ತದೆ. ಆಕಾಶ ನೀಲಿ, ನೋಟ ದೂರದವರೆಗೆ. ಆದರೆ ಆ ಕಾಲದಲ್ಲಿ ಬರುವ ಮೊದಲ ಹಿಮ ಎತ್ತರದಲ್ಲಿ ಹಳೆಯ ಗಟ್ಟಿ ಮಂಜಿನ ಮೇಲೆ ಅಂಟಿಕೊಳ್ಳದೆ ಕೂರುತ್ತದೆ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ದಂಡಾದಲ್ಲಿ ಅವಲಾಂಚ್ ಆಗಿ ತರಬೇತಿಯಲ್ಲಿದ್ದ 25ಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್ ಅಂದರೆ ಸೇಫ್ ಅನ್ನುವ ಮಾತು ಟ್ರೆಕ್ಕಿಂಗ್ ದಾರಿಗಳಿಗೆ ಸರಿ, ದೊಡ್ಡ ಎತ್ತರದ ಇಳಿಜಾರಿಗೆ ಅಲ್ಲ.

ಕೇದಾರಕಂಠ: ಡಿಸೆಂಬರ್‌ಗೆ ಎಲ್ಲರೂ ಹೋಗುವುದು ಇಲ್ಲಿಗೇ

3,810 ಮೀಟರ್, ಅಂದರೆ 12,500 ಅಡಿ. ಡೆಹ್ರಾಡೂನಿನಿಂದ ಸುಮಾರು 200 ಕಿಲೋಮೀಟರ್ ದೂರದ ಸಾಂಕ್ರಿ ಹಳ್ಳಿಯಿಂದ ಶುರು. ಮೊದಲ ಕ್ಯಾಂಪು ಸಾಮಾನ್ಯವಾಗಿ ಜೂಡಾ ಕಾ ತಾಲಾಬ್ ಹತ್ತಿರ, ಆಮೇಲೆ ಬೇಸ್ ಕ್ಯಾಂಪ್, ಅಲ್ಲಿಂದ ನಸುಕಿಗೆ ಎದ್ದು ಶಿಖರ. ತುದಿಗೆ ಮುಂಚಿನ ಏರು ಕಡಿದು. ಆದರೆ ಉದ್ದ ಕಮ್ಮಿ. ಮೇಲೆ ಹೋದರೆ ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಎದುರಿಗೇ.

ಇದರ ದೊಡ್ಡ ಅನುಕೂಲ ಏನೆಂದರೆ ಹಿಂದಿರುಗುವ ದಾರಿ ಹತ್ತಿರ. ಏನಾದರೂ ಆದರೆ ಒಂದೇ ದಿನದಲ್ಲಿ ಹಳ್ಳಿಗೆ ಇಳಿಯಬಹುದು. ಅನಾನುಕೂಲ, ಜನ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗೆ ಅಲ್ಲಿನ ಕೊನೆಯ ಏರಿನಲ್ಲಿ ಹೆಡ್‌ಲ್ಯಾಂಪಿನ ಸಾಲು ನೋಡಿದರೆ ಹುಣ್ಣಿಮೆಗೆ ಅಂಜನಾದ್ರಿ ಮೆಟ್ಟಿಲು ನೆನಪಾಗುತ್ತದೆ. ಕಡಿದಾದ ಹಿಮದಲ್ಲಿ ಸಾಲು ನಿಂತರೆ ಮೈ ತಣ್ಣಗಾಗುತ್ತದೆ, ಬೆರಳು ಮರಗಟ್ಟುತ್ತದೆ. ಮುಂದಿನವರು ಜಾರಿದರೆ ಹಿಂದಿನವರನ್ನೂ ಎಳೆದುಕೊಂಡೇ ಬರುತ್ತಾರೆ. ಡಿಸೆಂಬರ್ ಬೇಕೇ ಬೇಕು ಅಂದರೆ ಮೊದಲೆರಡು ವಾರ ಹೋಗಿ, ಹಿಮ ಸಿಗದಿದ್ದರೂ ಬೇಜಾರಿಲ್ಲ ಅಂದುಕೊಂಡು ಹೋಗಿ. ಹಿಮವೇ ಮುಖ್ಯ ಅಂದರೆ ಫೆಬ್ರವರಿ ಮಧ್ಯದಿಂದ ಮಾರ್ಚ್‌ವರೆಗೆ ಒಳ್ಳೆಯದು. ಜನವೂ ಕಡಿಮೆ.

ಚಳಿಯ ಲೆಕ್ಕ ಹೀಗೆ ಹಾಕಿ. 1,000 ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಸಾಂಕ್ರಿಯಲ್ಲಿ 5 ಡಿಗ್ರಿ ಇದ್ದರೆ ತುದಿಯಲ್ಲಿ ಮೈನಸ್ 7 ಆಸುಪಾಸು. ಗಾಳಿ ಬೀಸಿದರೆ ಮೈಗೆ ಅದಕ್ಕಿಂತ ಎಷ್ಟೋ ಜಾಸ್ತಿ ತಣ್ಣಗೆ ಅನ್ನಿಸುತ್ತದೆ.

ಬ್ರಹ್ಮತಾಲ್: ರಿಡ್ಜ್ ಮೇಲೆ ನಡೆಯುವ ಆಸೆ ಇರುವವರಿಗೆ

ಚಮೋಲಿ ಜಿಲ್ಲೆಯ ಲೋಹಾಜಂಗ್‌ನಿಂದ ಶುರುವಾಗುತ್ತದೆ. ಎತ್ತರ 12,200 ಅಡಿ ಆಸುಪಾಸು, ಕೇದಾರಕಂಠಕ್ಕಿಂತ ಚೂರು ಕಡಿಮೆ. ಮೊದಲು ಇಲ್ಲಿಂದ ಜನ ಹೋಗುತ್ತಿದ್ದದ್ದು ರೂಪ್‌ಕುಂಡಕ್ಕೆ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿದ ಮೇಲೆ ಆ ದಾರಿ ಕೈತಪ್ಪಿತು, ಬ್ರಹ್ಮತಾಲ್‌ಗೆ ಜನ ಜಾಸ್ತಿಯಾದರು.

ಕೇದಾರಕಂಠದಲ್ಲಿ ಶಿಖರ ಮುಟ್ಟಿ ಇಳಿಯುವುದೇ ಕಾರ್ಯಕ್ರಮ. ಇಲ್ಲಿ ಹಾಗಲ್ಲ. ಬಹಳ ಹೊತ್ತು ಗುಡ್ಡದ ಬೆನ್ನಿನ ಮೇಲೇ ನಡೆಯುತ್ತೀರಿ. 7,120 ಮೀಟರಿನ ತ್ರಿಶೂಲ, ಪಕ್ಕದಲ್ಲಿ ನಂದಾ ಘುಂಟಿ ಉದ್ದಕ್ಕೂ ಜೊತೆಗಿರುತ್ತವೆ. ಕಡಿದಾದ ಏರು ಇದೆ, ಆದರೆ ಕೇದಾರಕಂಠದ ಕೊನೆಯ ಏರಿನಷ್ಟು ಒಂದೇ ಸಮ ಇಲ್ಲ. ಕಷ್ಟ ಇರುವುದು ಗಾಳಿಯದ್ದು. ರಿಡ್ಜ್ ಮೇಲೆ ಮರೆ ಇಲ್ಲ. ಬಿರುಗಾಳಿ ಬಂದರೆ ಕೆಳಗಿಳಿಯುವುದೊಂದೇ ದಾರಿ.

ಹಿಮದ ಮೇಲೆ ಕಾಲೇ ಇಟ್ಟಿಲ್ಲದವರಿಗೆ ಈ ನಾಲ್ಕರಲ್ಲಿ ನಾನು ಹೇಳುವುದು ಬ್ರಹ್ಮತಾಲ್, ಅದೂ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ. ಹಿಮ ಕಲಿಯಲು ಹೊತ್ತು ಸಿಗುತ್ತದೆ. ಮೆತ್ತಗಿನದು, ಗಟ್ಟಿಯದು, ಗಾಳಿ ಕೆರೆದದ್ದು, ಎಲ್ಲವೂ ಒಂದೇ ದಿನದಲ್ಲಿ ಕಾಲಿಗೆ ಸಿಗುತ್ತವೆ, ಜಾರಿದರೂ ದೂರ ಹೋಗದ ಜಾಗಗಳಲ್ಲಿ. ಕೇದಾರಕಂಠವೇ ಮೊದಲಿಗೆ ಅಂತ ಎಲ್ಲರೂ ಹೇಳುತ್ತಾರೆ. ಇರಲಿ, ನನಗೆ ಆ ಸಾಲು ಇಷ್ಟವಿಲ್ಲ.

ಪಂಗರ್‌ಚುಲ್ಲಾ: ಏಪ್ರಿಲ್ ರಜೆಯವರ ಆಸೆ, ಮತ್ತು ಅದರ ಬೆಲೆ

ಸುಮಾರು 4,590 ಮೀಟರ್, 15,000 ಅಡಿ ದಾಟುತ್ತದೆ. ಜೋಶಿಮಠದ ಹತ್ತಿರ, ಕುವಾರಿ ಪಾಸ್‌ಗೆ ಹೋಗುವ ದಾರಿಯಲ್ಲೇ ಮೇಲಕ್ಕೆ ಕವಲಾಗುತ್ತದೆ. ಸೀಸನ್ ಏಪ್ರಿಲ್-ಮೇ. ನಮ್ಮ ಕಡೆ ಶಾಲೆ ಮುಚ್ಚಿರುವ ಹೊತ್ತಿಗೆ ಸರಿಯಾಗಿ ಹೊಂದುತ್ತದೆ. ಅದಕ್ಕೇ ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ.

ಶಿಖರದ ದಿನ ಖುಲ್ಲಾರಾ ಕ್ಯಾಂಪಿನಿಂದ ಸುಮಾರು 4,000 ಅಡಿ ಹತ್ತಿ, ಅಷ್ಟನ್ನೂ ಇಳಿಯಬೇಕು. ರಾತ್ರಿ ಎರಡು-ಮೂರಕ್ಕೆ ಹೊರಟರೆ ವಾಪಸ್ ಬರುವಾಗ ಮಧ್ಯಾಹ್ನ ಮೀರಿರುತ್ತದೆ. ಹನ್ನೆರಡು ಗಂಟೆ ಕಾಲ ಮೇಲೆ ಇರುತ್ತೀರಿ. ಮೊದಲು ಹುಲ್ಲು, ಆಮೇಲೆ ಹಿಮ, ಆಮೇಲೆ ದೊಡ್ಡ ದೊಡ್ಡ ಬಂಡೆಗಳ ರಾಶಿ, ಅದರ ಮೇಲೆ ತುದಿಯವರೆಗೆ ಕಡಿದಾದ ರಿಡ್ಜ್. ತುದಿಗಿಂತ ಮುಂಚೆ ತುದಿಯ ಥರವೇ ಕಾಣುವ ಉಬ್ಬುಗಳು ಬರುತ್ತವೆ. ಹತ್ತಿದೆವು ಅಂದುಕೊಂಡವರಿಗೆ ಮುಂದೆ ಇನ್ನೊಂದು ಕಾಣುತ್ತದೆ.

ಆ ಬಂಡೆ ರಾಶಿಯೇ ಇಲ್ಲಿನ ಪರೀಕ್ಷೆ. ಬಂಡೆಗಳ ನಡುವಿನ ಸಂದನ್ನು ಹಿಮ ಮುಚ್ಚಿರುತ್ತದೆ. ನಸುಕಿನಲ್ಲಿ ಅದು ಗಟ್ಟಿ. ಬೂಟಿನ ಮೂತಿಯಿಂದ ಒದ್ದರೆ ಟಕ್ ಅಂತ ಸದ್ದು ಬರುತ್ತದೆ, ಒಂದಿಂಚು ಮೆಟ್ಟಿಲು ಆಗುತ್ತದೆ. ಆ ಒಂದಿಂಚು ಸಾಕು. ಅದೇ ಜಾಗಕ್ಕೆ ಹತ್ತೂವರೆಗೆ ಇಳಿಯುತ್ತಾ ಬನ್ನಿ. ಬಂಡೆಗೆ ಬಿಸಿಲು ಬಿದ್ದು ಅದರ ಸುತ್ತಲಿನ ಹಿಮ ಒಳಗಿಂದೊಳಗೆ ಕರಗಿರುತ್ತದೆ. ಮೇಲೆ ಮಾತ್ರ ಬೆಳ್ಳಗೆ ಹಾಗೇ ಇರುತ್ತದೆ. ಕಾಲಿಟ್ಟರೆ ಮೊದಲು ಹಿಡಿಯುತ್ತದೆ, ಪೂರ್ತಿ ಭಾರ ಹಾಕಿದಾಗ ಸೊಂಟದವರೆಗೆ ಇಳಿಯುತ್ತದೆ. ಮೊಣಕಾಲು ಎರಡು ಬಂಡೆಯ ನಡುವೆ, ಮೈ ಮುಂದಕ್ಕೆ. ಕಾಲು ಮುರಿಯುವುದು ಹೀಗೇ. ಅಲ್ಲಿ ಯಾವತ್ತೂ ಬಂಡೆಗೆ ಅಂಟಿಕೊಂಡ ಹಿಮದ ಮೇಲೆ ಕಾಲಿಡಬೇಡಿ. ಬಂಡೆಯಿಂದ ಒಂದು ಮಾರು ದೂರದ ಹಿಮ, ಇಲ್ಲವೇ ನೇರ ಬಂಡೆಯ ಮೇಲೆ. ಮುಂದಿನವರ ಹೆಜ್ಜೆ ಹಿಡಿದಿದ್ದರೆ ನಿಮ್ಮದೂ ಹಿಡಿಯುತ್ತದೆ ಅಂತ ನಂಬುವ ಹಾಗಿಲ್ಲ. ಅವರೇ ಅದನ್ನು ಸಡಿಲ ಮಾಡಿರಬಹುದು.

ಏಪ್ರಿಲ್ ಮೊದಲ ವಾರಕ್ಕೂ ಮೇ ಮೊದಲ ವಾರಕ್ಕೂ ಇಲ್ಲಿ ಬಹಳ ವ್ಯತ್ಯಾಸ. ಏಪ್ರಿಲ್ ಮೊದಲಲ್ಲಿ ಬಂಡೆಗಳು ಪೂರ್ತಿ ಮುಚ್ಚಿರುತ್ತವೆ, ಹಿಮ ಆಳ, ದಾರಿ ಬಿಡಿಸುವುದು ನಿಧಾನ. ಮೇ ಮಧ್ಯಕ್ಕೆ ಬಂಡೆಗಳು ಅರ್ಧ ತೆರೆದುಕೊಂಡು ಸಂದುಗಳು ಜಾಸ್ತಿ. ನಡುವಿನ ಏಪ್ರಿಲ್ ಕೊನೆಯೇ ಸರಿ ಅನ್ನುವುದು ನನ್ನ ಲೆಕ್ಕ. ಮೊದಲ ಸಲ ಹಿಮ ನೋಡುವವರು ಏಪ್ರಿಲ್ ರಜೆಗೆ ಇಲ್ಲಿಗೇ ಬಂದರೆ? ಕುವಾರಿ ಪಾಸ್‌ವರೆಗೆ ಹೋಗಿ ಬನ್ನಿ. ಅದೇ ಕಾಡು, ಅದೇ ನಂದಾದೇವಿ, ದ್ರೋಣಗಿರಿ. ತುದಿಗೆ ಹೋಗುವುದು ಬಿಡುವುದು ಕ್ಯಾಂಪಿನಲ್ಲಿ ಕೂತು ತೀರ್ಮಾನ ಮಾಡಬಹುದು. ಈ ಆಯ್ಕೆ ಉಳಿದ ಮೂರರಲ್ಲಿ ಇಲ್ಲ.

ರೂಪಿನ್ ಪಾಸ್: ಮೇ ಕೊನೆಗೋ, ದಸರೆಗೋ

4,650 ಮೀಟರ್. ಮೇ ಕೊನೆ, ಜೂನ್ ಮೊದಲಲ್ಲಿ ಜಲಪಾತದ ಸುತ್ತ ಹಿಮದ ಸೇತುವೆಗಳು, ಕೊನೆಗೆ ಪಾಸ್ ಮುಟ್ಟಿಸುವ ಇಕ್ಕಟ್ಟಾದ ಕಡಿದು ಗಲ್ಲಿ, ಅದರ ತುಂಬ ಹಿಮ. ಗೈಡ್ ಮೆಟ್ಟಿಲು ಕಡಿದು ಕೊಡುತ್ತಾನೆ. ದಸರೆ ಹೊತ್ತಿಗೆ ಅದೇ ಗಲ್ಲಿಯಲ್ಲಿ ಸಡಿಲ ಕಲ್ಲು, ಮೇಲಿನವರು ಬೀಳಿಸುವ ಕಲ್ಲಿನ ಭಯ. ನನ್ನ ಮಟ್ಟಿಗೆ ಹಿಮ ಇದ್ದಾಗಲೇ ಆ ಗಲ್ಲಿ ವಾಸಿ. ಇಲ್ಲಿನ ನಿಜವಾದ ವಿಷಯ ದೂರ. ಪಾಸ್ ಹತ್ತಿರ ಹವಾಮಾನ ಕೆಟ್ಟರೆ ಎರಡೂ ಬದಿಯ ಹಳ್ಳಿಗಳು ದಿನಗಟ್ಟಲೆ ದೂರ. ಹಿಮದಲ್ಲಿ ನಡೆದ ಅನುಭವ ಇದ್ದವರು ಮಾತ್ರ ಇದನ್ನು ಯೋಚಿಸಿ.

ದೂರದ ವಿಷಯದಲ್ಲಿ ಕನ್ನಡಿಗರಿಗೆ ಉದಾಹರಣೆ ಬೇರೆ ಬೇಕಾಗಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ನಮ್ಮ ರಾಜ್ಯದಿಂದ ಹೋದ ತಂಡದ 9 ಜನ ತೀರಿಕೊಂಡರು. ಅದು ಚಳಿಗಾಲ ಅಲ್ಲ, ಜೂನ್. ಅಲ್ಲಿ ಕೊಂದದ್ದು ಬಿರುಗಾಳಿ ಮತ್ತು ಚಳಿ. 14,000 ಅಡಿ ಮೇಲೆ ಯಾವ ತಿಂಗಳಲ್ಲೂ ಒಂದೇ ಮಧ್ಯಾಹ್ನದಲ್ಲಿ ಚಳಿಗಾಲ ಬರಬಹುದು.

ಗಡಿಯಾರ

ಹಿಮದ ಬೆಟ್ಟ ಬೆಳಗ್ಗೆಯದ್ದು. ಇದನ್ನು ನಮ್ಮ ಕಡೆಯವರಿಗೆ ವಿವರಿಸುವುದು ಸುಲಭ. ಬೇಸಿಗೆಯಲ್ಲಿ ನಮ್ಮ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ ಒಂದೂವರೆವರೆಗೆ ನಡೆಯುತ್ತವೆ, ಬಿಸಿಲು ನೆತ್ತಿಗೆ ಬರುವ ಮುಂಚೆ ಕೆಲಸ ಮುಗಿಸುವುದು ನಮಗೆ ರೂಢಿ. ಅಲ್ಲೂ ಅದೇ ಶಿಸ್ತು, ಇನ್ನೂ ನಾಲ್ಕು ಗಂಟೆ ಮುಂಚೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಕೆಡುತ್ತದೆ, ಆಮೇಲೆ ದಕ್ಷಿಣದ್ದು. ಉತ್ತರದ ನೆರಳು ಬದಿ ಗಟ್ಟಿಯಾಗೇ ಇರುತ್ತದೆ, ಆದರೆ ಅಲ್ಲೇ ಸಡಿಲ ಪದರ ಬಹಳ ದಿನ ಉಳಿಯುತ್ತದೆ.

ಹೊರಡುವ ಮುಂಚಿನ ರಾತ್ರಿ ಗೈಡ್‌ಗೆ ಒಂದೇ ಪ್ರಶ್ನೆ ಕೇಳಿ. ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುತ್ತೇವೆ? ಉತ್ತರದಲ್ಲಿ ಗಂಟೆ ಇರಬೇಕು. 'ನೋಡೋಣ ಸರ್' ಅಂದರೆ ಆ ತಂಡಕ್ಕೆ ಗಡಿಯಾರ ಇಲ್ಲ ಅಂತ ಅರ್ಥ.

ತಿರುಗಬೇಕಾದ ಗುರುತುಗಳು

ಅವಲಾಂಚ್ ಆಗುವ ಇಳಿಜಾರು ಬಹುಪಾಲು 30ರಿಂದ 45 ಡಿಗ್ರಿಯದ್ದು. ಫೋನಿನಲ್ಲಿ ಇಳಿಜಾರು ಅಳೆಯುವ ಆಪ್ ಇರುತ್ತದೆ. ಟ್ರೆಕ್ಕಿಂಗ್ ಕೋಲನ್ನು ಹಿಮದ ಮೇಲೆ ಮಲಗಿಸಿ ಫೋನ್ ಅದರ ಮೇಲಿಟ್ಟರೆ ಆಯಿತು. ಮೂವತ್ತರ ಒಳಗಿದ್ದರೆ ಅಷ್ಟು ಚಿಂತೆ ಇಲ್ಲ. ಆದರೆ ನೀವು ನಿಂತ ಜಾಗ ಮಾತ್ರ ನೋಡಬೇಡಿ. ತಲೆ ಮೇಲಿನ ಇಳಿಜಾರು ಎಷ್ಟು ಅನ್ನುವುದೂ ಬೇಕು.

ಒಂದೇ ದಿನದಲ್ಲಿ ಒಂದಡಿ ಹೊಸ ಹಿಮ ಬಿದ್ದಿದ್ದರೆ ಮರುದಿನ ಕಡಿದಾದ ಕಡೆ ಹೋಗಬೇಡಿ. ಹೆಜ್ಜೆ ಇಟ್ಟಾಗ ಹಿಮ ಒಳಗಿಂದ 'ಹುಂ' ಅಂತ ಕುಸಿದ ಸದ್ದು ಕೊಟ್ಟರೆ, ಕಾಲಿನಿಂದ ಬಿರುಕು ಮುಂದಕ್ಕೆ ಓಡಿದರೆ, ಅದು ಬೆಟ್ಟವೇ ಬಾಯಿ ಬಿಟ್ಟು ಹೇಳಿದ್ದು. ಅಲ್ಲೇ ತಿರುಗಿ. ಬಿಸಿಲಿಗೆ ಮೇಲಿಂದ ಹಿಮದ ಉಂಡೆಗಳು ತಾವಾಗೇ ಉರುಳತೊಡಗಿದರೆ ಹೊತ್ತು ಮೀರಿದೆ ಅಂತ ತಿಳಿಯಿರಿ. ಪಾದ ಮುಳುಗುವಷ್ಟು ಹಿಮ ಚೆನ್ನ. ಮೊಣಕಾಲಿಗೆ ಬಂದರೆ ವೇಗ ಅರ್ಧ. ತೊಡೆಗೆ ಬಂದರೆ ಆ ದಿನದ ಲೆಕ್ಕ ಮುಗಿಯಿತು.

ಬಂಡೆ ಹತ್ತುವ ಅಭ್ಯಾಸ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ

ನಾವು ಬಂಡೆ ಮೇಲೆ ಬೆಳೆದವರು. ಬಳ್ಳಾರಿ ಕೋಟೆ ಗುಡ್ಡ, ಕೊಪ್ಪಳದ ಕೋಟೆ, ಆನೆಗೊಂದಿ ಸುತ್ತಲಿನ ರಾಶಿ ಬಂಡೆ. ಎತ್ತರದ ಭಯ ನಮಗೆ ಕಮ್ಮಿ, ಇದು ಲಾಭ. ಆದರೆ ಕಾಲಿಡುವ ರೀತಿ ಬದಲಾಗಬೇಕು. ಗ್ರಾನೈಟ್ ಮೇಲೆ ಇಡೀ ಪಾದ ಚಪ್ಪಟೆ ಒತ್ತಿ ಹಿಡಿತ ಪಡೆಯುತ್ತೇವೆ. ಗಟ್ಟಿ ಹಿಮದಲ್ಲಿ ಬರೀ ಬೂಟಿನಲ್ಲಿ ಹಾಗೆ ಚಪ್ಪಟೆ ಇಟ್ಟರೆ ಜಾರುವುದೇ. ಬೂಟಿನ ಅಂಚಿನಿಂದ ಒದ್ದು ಮೆಟ್ಟಿಲು ಮಾಡಬೇಕು. ಕ್ರಾಂಪಾನ್, ಅಂದರೆ ಬೂಟಿನಡಿಗೆ ಕಟ್ಟುವ ಉದ್ದ ಹಲ್ಲಿನ ಚೌಕಟ್ಟು, ಹಾಕಿದ ಮೇಲೆ ಮತ್ತೆ ಉಲ್ಟಾ, ಎಲ್ಲ ಹಲ್ಲೂ ಕಚ್ಚುವ ಹಾಗೆ ಪಾದ ಚಪ್ಪಟೆ. ಇಳಿಯುವಾಗ ಬಂಡೆ ಮೇಲೆ ಹಿಂದಕ್ಕೆ ವಾಲುತ್ತೇವೆ, ಕೈ ಊರುತ್ತೇವೆ. ಹಿಮದಲ್ಲಿ ಹಿಂದಕ್ಕೆ ವಾಲಿದರೆ ಹಿಮ್ಮಡಿ ಜಾರಿ ಕುಂಡಿ ಮೇಲೆ ಕೂರುತ್ತೀರಿ. ಮೈ ಚೂರು ಮುಂದಕ್ಕೆ, ಹಿಮ್ಮಡಿ ಜೋರಾಗಿ ಊರಿ.

ತಯಾರಿಗೆ ಅಂಜನಾದ್ರಿಯ 575 ಮೆಟ್ಟಿಲು ಚೆನ್ನಾಗಿವೆ, ಬೆನ್ನಿಗೆ ಎಂಟು ಕಿಲೋ ಹೊತ್ತು ಎರಡು ಮೂರು ಸಲ ಹತ್ತಿ ಇಳಿದರೆ. ಸುಮ್ನೆ ಒಂದು ಸಲ ಹತ್ತಿ ಪ್ರಸಾದ ತಿಂದು ಬಂದರೆ ತಯಾರಿ ಅಲ್ಲ. ಉದ್ದದ ನಡಿಗೆಗೆ ಸಂಡೂರಿನ ಬೆಟ್ಟಸಾಲು. ಪಂಗರ್‌ಚುಲ್ಲಾಕ್ಕೆ ಹೋಗುವವರಿಗೆ ಅಲ್ಲಿನ ಇಡೀ ದಿನದ ನಡಿಗೆಯೇ ಬೇಕು.

ಎತ್ತರಕ್ಕೆ ಮಾತ್ರ ಇಲ್ಲಿ ತಯಾರಿ ಇಲ್ಲ. ನಮ್ಮ ಮೂರೂ ಊರು 400ರಿಂದ 550 ಮೀಟರ್ ಒಳಗೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ. ತಲೆನೋವು, ವಾಂತಿ ಬಂದರೆ ಹೇಳಿ, ಮುಚ್ಚಿಡಬೇಡಿ. ನಡಿಗೆ ತೂರಾಡಿದರೆ, ಕೂತಲ್ಲೇ ಉಸಿರು ಕಟ್ಟಿದರೆ ಆ ರಾತ್ರಿಯೇ ಕೆಳಗಿಳಿಯಬೇಕು. ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆ ಬಗ್ಗೆ ನಿಮ್ಮ ಡಾಕ್ಟರನ್ನು ಹೊರಡುವ ಮುಂಚೆಯೇ ಕೇಳಿ, ಅದರಲ್ಲೂ ಸಲ್ಫಾ ಮಾತ್ರೆ ಆಗದವರು.

ಸಾಮಾನು

ಕೇದಾರಕಂಠ, ಬ್ರಹ್ಮತಾಲ್‌ಗೆ ಮೈಕ್ರೋಸ್ಪೈಕ್ (ಬೂಟಿಗೆ ಹಾಕುವ ಸಣ್ಣ ಮುಳ್ಳಿನ ಸರಪಳಿ) ಮತ್ತು ಗೇಟರ್ (ಬೂಟಿನೊಳಗೆ ಹಿಮ ಹೋಗದ ಹಾಗೆ ಕಾಲಿಗೆ ಸುತ್ತುವ ಹೊದಿಕೆ) ಸಾಕು. ಪಂಗರ್‌ಚುಲ್ಲಾ, ರೂಪಿನ್‌ಗೆ ಗೈಡ್ ಬಳಿ ಹಗ್ಗ, ಐಸ್ ಆಕ್ಸ್ (ಹಿಮ ಕಡಿಯುವ ಚೂಪು ಕೊಡಲಿ) ಇರಲೇಬೇಕು. ನೀವೂ ಐಸ್ ಆಕ್ಸ್ ಹಿಡಿಯುವುದಾದರೆ ಜಾರಿದಾಗ ಅದನ್ನು ಹೇಗೆ ಊರುವುದು ಅಂತ ಕೆಳಗಿನ ಕ್ಯಾಂಪಿನಲ್ಲೇ ಕಲಿಯಿರಿ. ಕಲಿಯದವರ ಕೈಯಲ್ಲಿ ಅದು ಬರೀ ಚೂಪು. ಕನ್ನಡಕಕ್ಕೆ ದುಡ್ಡು ಉಳಿಸಬೇಡಿ. ಹೊಸ ಹಿಮ ಅತಿನೇರಳೆ ಕಿರಣದ 80 ಪರ್ಸೆಂಟ್ ವರೆಗೆ ಮೇಲಕ್ಕೇ ಎಸೆಯುತ್ತದೆ. ಬಸ್‌ಸ್ಟ್ಯಾಂಡಿನ ಕಪ್ಪು ಕನ್ನಡಕ ಆ ಕಿರಣ ತಡೆಯದೆ ಕಣ್ಣಿನ ಪಾಪೆ ಹಿಗ್ಗಿಸಿ ಇನ್ನೂ ಕೆಟ್ಟದ್ದು ಮಾಡುತ್ತದೆ.

ನೀರಿನ ಬಾಟಲಿ ತಲೆಕೆಳಗಾಗಿ ಇಡಿ. ನೀರು ಮೇಲಿಂದ ಗಡ್ಡೆ ಕಟ್ಟುತ್ತದೆ, ಹಾಗಾಗಿ ಮುಚ್ಚಳದ ಕಡೆ ಕೊನೆಗೆ ಹೆಪ್ಪುಗಟ್ಟುತ್ತದೆ. ಊಟಕ್ಕೆ ಕಟಕ್ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ. ಮೈನಸ್ ಚಳಿಯಲ್ಲೂ ಕೆಡುವುದಿಲ್ಲ, ತೂಕ ಕಮ್ಮಿ. ಬಿಸ್ಕೆಟ್ ಮುರಿದು ತಿನ್ನುವವರೆಲ್ಲ ಕೊನೆಗೆ ನಿಮ್ಮ ಡಬ್ಬಿಗೇ ಕೈ ಹಾಕುತ್ತಾರೆ.

ದುಡ್ಡು ಕಟ್ಟುವ ಮುಂಚೆ

ಟ್ರೆಕ್ ನಡೆಸುವವರಿಗೆ ಫೋನ್ ಮಾಡಿ ಹೋದ ವಾರ ತೆಗೆದ ಫೋಟೊ ಕಳಿಸಿ ಅನ್ನಿ, ಜಾಹೀರಾತಿನದ್ದು ಬೇಡ. ಹಿಮ ಎಷ್ಟು ಎತ್ತರದಿಂದ ಶುರು? ಕೊನೆಯ ತಂಡ ತುದಿ ಮುಟ್ಟಿತಾ, ಇಲ್ಲ ಅಂದರೆ ಎಲ್ಲಿಂದ ತಿರುಗಿತು? ಎಷ್ಟು ಜನಕ್ಕೆ ಒಬ್ಬ ಗೈಡ್? ಆಕ್ಸಿಜನ್ ಎಲ್ಲಿಟ್ಟಿರುತ್ತೀರಿ, ಬೇಸ್‌ನಲ್ಲೋ ಮೇಲಿನ ಕ್ಯಾಂಪಿನಲ್ಲೋ? ಎರಡನೇ ಪ್ರಶ್ನೆಗೆ ಬರುವ ಉತ್ತರದಲ್ಲೇ ಎಲ್ಲ ತಿಳಿಯುತ್ತದೆ. 'ನಮ್ಮ ಎಲ್ಲ ತಂಡವೂ ಶಿಖರ ಮುಟ್ಟುತ್ತದೆ' ಅನ್ನುವವರಿಗಿಂತ 'ಕಳೆದ ವಾರ ಗಾಳಿಗೆ ವಾಪಸ್ ಕರೆತಂದೆವು' ಅನ್ನುವವರ ಜೊತೆ ಹೋಗಿ. ವಿಮೆ ಮಾಡಿಸುವಾಗ ಎಷ್ಟು ಎತ್ತರದವರೆಗೆ ಲಾಗೂ ಅಂತ ಓದಿ. ಕೆಲವು ಪಾಲಿಸಿಗಳು ಪಂಗರ್‌ಚುಲ್ಲಾ ಎತ್ತರಕ್ಕೆ ಮುಂಚೆಯೇ ನಿಂತುಬಿಡುತ್ತವೆ.

ರೈಲು ಟಿಕೆಟ್ ಈಗ 60 ದಿನ ಮುಂಚೆ ತೆರೆಯುತ್ತದೆ. ಮೊದಲಿನ 120 ದಿನದ ಲೆಕ್ಕ 2024ರ ನವೆಂಬರ್‌ಗೆ ಮುಗಿಯಿತು. ಏಪ್ರಿಲ್ ಕೊನೆಗೆ ಪಂಗರ್‌ಚುಲ್ಲಾ ಅಂದುಕೊಂಡವರು ಫೆಬ್ರವರಿ ಕೊನೆಗೆ ಟಿಕೆಟ್‌ಗೆ ಕೂರಬೇಕು, ಬ್ರಹ್ಮತಾಲ್‌ನವರು ಹೊಸ ವರ್ಷದ ಸುತ್ತ. ಟಿಕೆಟ್ ಮೊದಲು ಮಾಡಿಸಿ, ಬೇಡವಾದರೆ ಸ್ವಲ್ಪ ದುಡ್ಡು ಹಿಡಿದುಕೊಂಡು ಉಳಿದದ್ದು ವಾಪಸ್ ಕೊಡುತ್ತಾರೆ. ಟ್ರೆಕ್ಕಿನ ಪೂರ್ತಿ ಹಣ ಮಾತ್ರ ಆ ವರ್ಷ ಹಿಮ ಎಷ್ಟು ಬಿತ್ತು ಅಂತ ಕೇಳಿದ ಮೇಲೆ ಕಟ್ಟಿ.